ಪಂಜಾಬಿನ ನೀರು, ದಿಲ್ಲಿಯ ಹೊಗೆ, ನಡುವೆ ಸಿಕ್ಕಿಕೊಂಡ ಇಪ್ಪತ್ತು ದಿನ

2009ರಲ್ಲಿ ಪಂಜಾಬ್ ಒಂದು ಕಾಯ್ದೆ ತಂದಿತು. ಮೇ 10ಕ್ಕಿಂತ ಮೊದಲು ಭತ್ತದ ಸಸಿಮಡಿ ಮಾಡುವಂತಿಲ್ಲ, ಜೂನ್ 10ಕ್ಕಿಂತ ಮೊದಲು ನಾಟಿ ಮಾಡುವಂತಿಲ್ಲ. ಮಾಡಿದರೆ ಹೆಕ್ಟೇರಿಗೆ ತಿಂಗಳಿಗೆ 10,000 ರೂಪಾಯಿ ದಂಡ. ಜೊತೆಗೆ ನೆಟ್ಟ ಪೈರನ್ನು ರೈತನ ಖರ್ಚಿನಲ್ಲೇ ಕಿತ್ತುಹಾಕುವ ಅಧಿಕಾರ. ಅದೇ ವರ್ಷ ಹರಿಯಾಣವೂ ಇಂಥದ್ದೇ ಕಾಯ್ದೆ ಮಾಡಿತು. ಎರಡರ ಉದ್ದೇಶವೂ ಒಂದೇ, ಅಂತರ್ಜಲ ಉಳಿಸುವುದು. ಕೊಯ್ಲಾದ ಮೇಲೆ ಉಳಿದ ಹುಲ್ಲು ಸುಟ್ಟಾಗ ಏಳುವ ಹೊಗೆಯ ವಿಷಯ ಆಗ ಯಾರ ತಲೆಯಲ್ಲೂ ಇರಲಿಲ್ಲ.

ಇದು ಕೆಟ್ಟ ಕಾಯ್ದೆ ಅಂತ ನಾನು ಹೇಳುತ್ತಿಲ್ಲ. ಮೇ ತಿಂಗಳಲ್ಲಿ ಆ ಸೀಮೆಯಲ್ಲಿ ಬಿಸಿಗಾಳಿ ಬೀಸುತ್ತದೆ. ಆಗ ಗದ್ದೆಗೆ ನೀರು ನಿಲ್ಲಿಸಿದರೆ ಬಹಳಷ್ಟು ಗಾಳಿಗೇ ಹೋಗುತ್ತದೆ. ಮಳೆಗಾಲದ ಹತ್ತಿರಕ್ಕೆ ನಾಟಿಯನ್ನು ತಳ್ಳಿದರೆ ಪಂಪು ಓಡಿಸುವುದು ಕಡಿಮೆಯಾಗುತ್ತದೆ. ಕೃಷಿ ವಿಜ್ಞಾನಿಗಳು ಬಹಳ ವರ್ಷದಿಂದ ಇದನ್ನೇ ಹೇಳುತ್ತಿದ್ದರು. ಕಾಯ್ದೆ ಪಾಲನೆಯೂ ಸುಮಾರಾಗಿ ಚೆನ್ನಾಗಿಯೇ ಆಯಿತು. ಅದಕ್ಕೆ ದಂಡದ ಭಯಕ್ಕಿಂತ ಕರೆಂಟೇ ಮುಖ್ಯ ಕಾರಣ. ಭತ್ತಕ್ಕೆಂದು ದಿನಕ್ಕೆ ಎಂಟು ಗಂಟೆ ಕೊಡುವ ವಿದ್ಯುತ್ತು ನಾಟಿಯ ತಾರೀಕಿನಿಂದ ಶುರುವಾಗುತ್ತದೆ. ಕರೆಂಟೇ ಇಲ್ಲದೆ ಮುಂಚೆ ನಾಟಿ ಮಾಡಿ ಏನು ಮಾಡುವುದು?

ನಂತರ ಆ ತಾರೀಕು ಇನ್ನೂ ಮುಂದಕ್ಕೆ ಹೋಯಿತು. 2014ರಲ್ಲಿ ಜೂನ್ 15. 2018ರಲ್ಲಿ ಜೂನ್ 20. ಒಂದು ಕಡೆ ನೀರು ಉಳಿಸಲು ತಳ್ಳಿದ ಈ ದಿನಗಳು ಇನ್ನೊಂದು ಕಡೆ, ಸುಮಾರು ಮುನ್ನೂರು ಕಿಲೋಮೀಟರ್ ದೂರದ ದಿಲ್ಲಿಯಲ್ಲಿ, ಜನರ ಶ್ವಾಸಕೋಶದಲ್ಲಿ ಹೇಗೆ ಹೊರಬಂದವು ಅನ್ನುವುದೇ ಈ ಪ್ರಕರಣ.

ಭತ್ತ ಅಲ್ಲಿಗೆ ಹೇಗೆ ಬಂತು

ಪಂಜಾಬಿನ ಊಟ ರೊಟ್ಟಿ. 1960ರ ಹೊತ್ತಿಗೆ ಅಲ್ಲಿ ಭತ್ತ ಬೆಳೆಯುತ್ತಿದ್ದದ್ದು ಎರಡೂಕಾಲು ಲಕ್ಷ ಹೆಕ್ಟೇರಿನಲ್ಲಿ ಮಾತ್ರ. ಈಗ ಅದು 30 ಲಕ್ಷ ಹೆಕ್ಟೇರ್ ದಾಟಿದೆ. ದೇಶದ ಪಡಿತರಕ್ಕೆ ಅಕ್ಕಿ ಬೇಕಿತ್ತು. ಬೆಂಬಲ ಬೆಲೆ ಸಿಕ್ಕಿತು. ಬೆಳೆದದ್ದನ್ನೆಲ್ಲ ಮಂಡಿಯಲ್ಲೇ ಸರ್ಕಾರ ಕೊಳ್ಳುತ್ತದೆ ಅನ್ನುವ ಭರವಸೆಯೂ ಸಿಕ್ಕಿತು. 1997ರಲ್ಲಿ ಕೃಷಿ ಪಂಪುಗಳಿಗೆಲ್ಲ ಉಚಿತ ವಿದ್ಯುತ್ ಬಂತು. ಇಷ್ಟಾದ ಮೇಲೆ ರೈತ ಮೆಕ್ಕೆಜೋಳ, ಬೇಳೆಕಾಳು ಅಂತ ಯಾಕೆ ಯೋಚಿಸುತ್ತಾನೆ? ಅವುಗಳಿಗೂ ಬೆಂಬಲ ಬೆಲೆ ಇದೆ, ನಿಜ. ಆದರೆ ಆ ಬೆಲೆಗೆ ಕೊಳ್ಳುವವರು ಮಂಡಿಯಲ್ಲಿ ಇರುವುದಿಲ್ಲ.

ಕೇಂದ್ರ ಅಂತರ್ಜಲ ಮಂಡಳಿಯ 2023ರ ಲೆಕ್ಕದಲ್ಲಿ ಪಂಜಾಬ್ ವರ್ಷಕ್ಕೆ ಬಳಸಬಹುದಾದ ಅಂತರ್ಜಲದ ಶೇಕಡಾ 160ಕ್ಕೂ ಜಾಸ್ತಿ ನೀರನ್ನು ಎತ್ತುತ್ತಿತ್ತು. ಅಂದರೆ ಭೂಮಿಗೆ ನೂರು ಕೊಡ ಇಳಿದರೆ ನೂರಾ ಅರವತ್ತು ಕೊಡ ಮೇಲೆ ಬರುತ್ತದೆ. ನೀರು ಕೆಳಗಿಳಿದಂತೆ ಬೋರ್‌ವೆಲ್ ಆಳವಾಗಬೇಕು, ಮೋಟರ್ ದೊಡ್ಡದಾಗಬೇಕು. ಆ ಖರ್ಚು ರೈತನದು, ಸಾಲವೂ ಅವನದೇ. ಆ ಸಾಲ ತೀರಿಸಲು ಖಚಿತವಾಗಿ ದುಡ್ಡು ಬರುವ ಬೆಳೆ ಬೇಕು. ಅಂಥ ಬೆಳೆ ಯಾವುದು? ಮತ್ತೆ ಭತ್ತವೇ. ಕುಣಿಕೆ ಬಿಗಿಯಾಗುತ್ತಲೇ ಹೋಗುವುದು ಹೀಗೆ.

ಕಾಯ್ದೆ ಈ ಕುಣಿಕೆಯನ್ನು ಮುಟ್ಟಲಿಲ್ಲ. ಕರೆಂಟು, ಬೆಲೆ, ಖರೀದಿ ಮೂರನ್ನೂ ಇದ್ದಂತೆಯೇ ಬಿಟ್ಟು ತಾರೀಕನ್ನು ಮಾತ್ರ ಜರುಗಿಸಿತು. ರಾಜಕೀಯವಾಗಿ ಅದೇ ಸುಲಭ, ಅಲ್ವಾ. ಹೆಕ್ಟೇರಿಗೆ ಸ್ವಲ್ಪ ನೀರು ಉಳಿದಿರಬಹುದು. ಆದರೆ ಅದೇ ಅವಧಿಯಲ್ಲಿ ಭತ್ತದ ಪ್ರದೇಶ ಲಕ್ಷಗಟ್ಟಲೆ ಹೆಕ್ಟೇರ್ ಹೆಚ್ಚಾಯಿತು. ನೀರಿನ ಮಟ್ಟ ಇಳಿಯುವುದು ನಿಲ್ಲಲಿಲ್ಲ.

ಒಂದು ಹೊಲದ ಲೆಕ್ಕ

ಈಗ ಒಂದು ಹೊಲವನ್ನೇ ತೆಗೆದುಕೊಂಡು ದಿನ ಎಣಿಸೋಣ. ಹಾಕಿದ ತಳಿ ಪೂಸಾ 44. ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1990ರ ದಶಕದ ಶುರುವಿನಲ್ಲಿ ಕೊಟ್ಟ ತಳಿ ಇದು. ತಮಾಷೆ ಎಂದರೆ ಇದನ್ನು ಬಿಡುಗಡೆ ಮಾಡುವಾಗ ಅವರ ಮನಸ್ಸಿನಲ್ಲಿದ್ದದ್ದು ನಮ್ಮ ಕರ್ನಾಟಕ ಮತ್ತು ಕೇರಳ. ಇಲ್ಲಿ ಅಷ್ಟಾಗಿ ನೆಲೆ ನಿಲ್ಲದ ತಳಿ ಅಲ್ಲಿ ಹೋಗಿ ರಾಜ್ಯವಾಳಿತು. ಇಳುವರಿ ಜಾಸ್ತಿ. ಆದರೆ ಸಸಿಮಡಿಯಿಂದ ಕೊಯ್ಲಿನವರೆಗೆ ಸುಮಾರು 155ರಿಂದ 160 ದಿನ ಬೇಕು. ಸಸಿಮಡಿಯ ಒಂದು ತಿಂಗಳು ಕಳೆದರೂ ಗದ್ದೆಯಲ್ಲಿ 125-130 ದಿನ ನಿಲ್ಲಬೇಕು.

ಜೂನ್ 20ಕ್ಕೆ ನಾಟಿ ಮಾಡಿದರೆ ಕೊಯ್ಲು ಅಕ್ಟೋಬರ್ ಕೊನೆಗೆ ಬರುತ್ತದೆ. ಮುಂದಿನ ಬೆಳೆ ಗೋಧಿ. ಅದನ್ನು ನವೆಂಬರ್ ಮಧ್ಯದೊಳಗೆ ಬಿತ್ತಿದರೆ ಒಳ್ಳೆಯದು. ತಡವಾದರೆ ಕಾಳು ಕಟ್ಟುವ ಹೊತ್ತಿಗೆ ಮಾರ್ಚ್ ಬಿಸಿಲು ಹೊಡೆಯುತ್ತದೆ. 2022ರ ಮಾರ್ಚ್‌ನಲ್ಲಿ ಹಾಗೇ ಆಯಿತು. ಕಾಳು ಸೊರಗಿತು, ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಗೋಧಿ ರಫ್ತನ್ನೇ ನಿಲ್ಲಿಸಿತು. ಹಾಗಾಗಿ ತಡ ಮಾಡಬಾರದು ಅನ್ನುವುದು ರೈತನ ಸುಮ್ನೆ ಹಟ ಅಲ್ಲ.

ಈ ಎರಡು ಬೆಳೆಗಳ ನಡುವೆ ಸಿಗುವುದು ಹದಿನೈದರಿಂದ ಇಪ್ಪತ್ತು ದಿನ. ಅಷ್ಟರಲ್ಲಿ ಕೊಯ್ಲು ಯಂತ್ರದ ಸರದಿ ಕಾಯಬೇಕು, ಕಟಾವು ಮಾಡಿಸಬೇಕು, ಮಂಡಿಗೆ ಸಾಗಿಸಬೇಕು, ಹೊಲ ಖಾಲಿ ಮಾಡಬೇಕು, ಗೋಧಿ ಬಿತ್ತಬೇಕು. ಅಕ್ಟೋಬರ್‌ನಲ್ಲಿ ಒಂದು ಮಳೆ ಬಂದರೆ ಇದರಲ್ಲೂ ನಾಲ್ಕೈದು ದಿನ ಹೋಯಿತು.

ಕೊಯ್ಲು ಯಂತ್ರ ಹೋದ ಮೇಲೆ ಹೊಲ ಹೇಗಿರುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದು ಗೊತ್ತಿಲ್ಲದೆ ಬೆಂಕಿ ಯಾಕೆ ಅನ್ನುವುದು ಅರ್ಥವಾಗುವುದಿಲ್ಲ. ಯಂತ್ರ ತೆನೆಯಿರುವ ಮೇಲ್ಭಾಗವನ್ನು ಕತ್ತರಿಸಿಕೊಂಡು ಹೋಗುತ್ತದೆ. ಕೆಳಗೆ ಸುಮಾರು ಒಂದು ಅಡಿ ಕೂಳೆ ನೆಟ್ಟಗೆ ನಿಂತಿರುತ್ತದೆ. ಅದೇನೂ ದೊಡ್ಡ ತೊಂದರೆಯಲ್ಲ. ತೊಂದರೆ ಇರುವುದು ಯಂತ್ರ ಹಿಂದಿನಿಂದ ಉಗುಳಿದ ಬಿಡಿ ಹುಲ್ಲಿನಲ್ಲಿ. ಅದು ಯಂತ್ರ ಹೋದ ದಾರಿಯುದ್ದಕ್ಕೂ ಉದ್ದುದ್ದ ಸಾಲಾಗಿ, ದಪ್ಪಗೆ ಬಿದ್ದಿರುತ್ತದೆ. ಸಾಮಾನ್ಯ ಕೂರಿಗೆ ಯಂತ್ರ ಓಡಿಸಿದರೆ ಹುಲ್ಲು ಅದರ ಹಲ್ಲುಗಳಿಗೆ ಸುತ್ತಿಕೊಂಡು ಹತ್ತು ಮಾರು ಹೋಗುವಷ್ಟರಲ್ಲಿ ಕಟ್ಟಿಕೊಳ್ಳುತ್ತದೆ. ಇಳಿದು ಕೈಯಲ್ಲಿ ಕೀಳಬೇಕು, ಮತ್ತೆ ಹತ್ತಬೇಕು. ದನಕ್ಕಾದರೂ ಹಾಕೋಣವೆಂದರೆ ಬಾಸ್ಮತಿ ಅಲ್ಲದ ಭತ್ತದ ಹುಲ್ಲಿನಲ್ಲಿ ಸಿಲಿಕಾ ಜಾಸ್ತಿ ಅಂತ ಅಲ್ಲಿಯವರು ಕೊಡುವುದಿಲ್ಲ. ಮೇವಿಗೆ ಗೋಧಿ ಹೊಟ್ಟು ಬೇಕಾದಷ್ಟು ಇರುತ್ತದೆ. ಕೈಯಲ್ಲಿ ಕೊಯ್ಯುವ ಬಾಸ್ಮತಿ ಹುಲ್ಲಿಗೆ ಮಾತ್ರ ಗಿರಾಕಿ ಇದೆ.

ಹೀಗೆ ವರ್ಷಕ್ಕೆ ಪಂಜಾಬ್ ಒಂದರಲ್ಲೇ ಸುಮಾರು 200 ಲಕ್ಷ ಟನ್ ಭತ್ತದ ಹುಲ್ಲು ಬೀಳುತ್ತದೆ. ಒಂದು ಬೆಂಕಿಕಡ್ಡಿ ಗೀರಿದರೆ ಎಕರೆಯ ಕೆಲಸ ಸಂಜೆಯೊಳಗೆ ಮುಗಿಯುತ್ತದೆ.

ಬೆಂಕಿ ನವೆಂಬರಿಗೆ ಬಂತು

ಕಾಯ್ದೆಗೆ ಮೊದಲೂ ಸುಡುತ್ತಿದ್ದರು. ಬದಲಾದದ್ದು ಎರಡು. ಸುಡುವ ಕಾಲ ಹೆಚ್ಚುಕಡಿಮೆ ಎರಡು ವಾರ ಮುಂದೆ ಹೋಯಿತು. ಮೊದಲು ಹಲವು ವಾರಗಳಿಗೆ ಹರಡಿಕೊಂಡಿದ್ದ ಬೆಂಕಿ ಒಂದೇ ಗುಂಪಾಗಿ ಸೇರಿಕೊಂಡಿತು. ಎಲ್ಲರೂ ಒಂದೇ ತಾರೀಕಿಗೆ ನಾಟಿ ಶುರು ಮಾಡಿದರೆ ಎಲ್ಲರ ಕೊಯ್ಲೂ ಒಟ್ಟಿಗೇ ಬರುತ್ತದೆ, ಎಲ್ಲರ ಬೆಂಕಿಯೂ ಒಟ್ಟಿಗೇ ಏಳುತ್ತದೆ.

ಅಕ್ಟೋಬರ್ ಮೊದಲ ವಾರಗಳಲ್ಲಿ ಹೊಗೆ ಎದ್ದರೆ ಮೇಲಕ್ಕೆ ಹೋಗಿ ಚದುರಲು ಇನ್ನೂ ಜಾಗ ಇರುತ್ತದೆ. ನವೆಂಬರ್ ಹೊತ್ತಿಗೆ ನೆಲ ತಣ್ಣಗಾಗುತ್ತದೆ. ನೆಲದ ಗಾಳಿ ಮೇಲಿನ ಗಾಳಿಯೊಂದಿಗೆ ಬೆರೆಯುವ ಪದರ ತೀರಾ ಕೆಳಗಿಳಿಯುತ್ತದೆ. ಗಾಳಿಯ ಓಟ ಮಂದವಾಗುತ್ತದೆ. ಬೀಸುವ ಅಷ್ಟಿಷ್ಟು ಗಾಳಿಯೂ ವಾಯವ್ಯದಿಂದ ದಿಲ್ಲಿಯ ಕಡೆಗೇ ಬೀಸುತ್ತದೆ. ಅದೇ ದಿನಗಳಲ್ಲಿ ದೀಪಾವಳಿ. ದಿಲ್ಲಿಯ ಸ್ವಂತ ವಾಹನ, ದೂಳು, ಕಾರ್ಖಾನೆ, ಕಸದ ಬೆಂಕಿ ಹೇಗೂ ವರ್ಷವಿಡೀ ಇದ್ದೇ ಇದೆ.

2019ರಲ್ಲಿ ನೇಚರ್ ಸಸ್ಟೈನಬಿಲಿಟಿ ಪತ್ರಿಕೆಯಲ್ಲಿ ಬಲ್ವಿಂದರ್ ಸಿಂಗ್, ಆಂಡ್ರ್ಯೂ ಮೆಕ್‌ಡೊನಾಲ್ಡ್ ಮತ್ತವರ ಜೊತೆಗಾರರ ಅಧ್ಯಯನ ಬಂತು. ನೀರಿನ ಕಾಯ್ದೆಯನ್ನೂ ಹೊಗೆಯ ತಾರೀಕನ್ನೂ ಜೋಡಿಸಿ ನೋಡಿದ ಕೆಲಸ ಅದು. ಅವರ ಲೆಕ್ಕದ ಪ್ರಕಾರ ಕಾಯ್ದೆಯ ನಂತರ ಬೆಂಕಿಯ ಗರಿಷ್ಠ ತೀವ್ರತೆ ಶೇಕಡಾ 39ರಷ್ಟು ಹೆಚ್ಚಿತು. ಗಾಳಿಯಲ್ಲಿ ಪಿಎಂ 2.5 ಅನ್ನುವ ಅತಿಸಣ್ಣ ಕಣಗಳ ಪ್ರಮಾಣ ಶೇಕಡಾ 29ರಷ್ಟು ಏರಿತು. ಇದಷ್ಟಕ್ಕೂ ಕಾಯ್ದೆಯೇ ಕಾರಣ ಅಂತ ನಾನು ಬರೆಯಲಾರೆ. ಅದೇ ವರ್ಷಗಳಲ್ಲಿ ಭತ್ತದ ಪ್ರದೇಶ ಬೆಳೆಯಿತು, ಕೈ ಕೊಯ್ಲು ಹೋಗಿ ಯಂತ್ರ ಇನ್ನೂ ವ್ಯಾಪಿಸಿತು. ಆದರೆ ತಾರೀಕು ಸರಿದದ್ದು, ಗುಂಪಾದದ್ದು ಉಪಗ್ರಹದ ಚಿತ್ರಗಳಲ್ಲೇ ಕಾಣುತ್ತದೆ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತೇವಲ್ಲ, ಇಲ್ಲಿ ಎತ್ತೂ ಕೋಣವೂ ತಮ್ಮ ತಮ್ಮ ಕೆಲಸ ಚೆನ್ನಾಗಿಯೇ ಮಾಡುತ್ತಿದ್ದವು. ನೀರಿನವರು ನೀರು ಉಳಿಸುತ್ತಿದ್ದರು. ಆಹಾರದವರು ಅಕ್ಕಿ ಕೊಳ್ಳುತ್ತಿದ್ದರು. ವಿದ್ಯುತ್ತಿನವರು ಹೇಳಿದ ತಾರೀಕಿಗೆ ಕರೆಂಟು ಕೊಡುತ್ತಿದ್ದರು. ಗಾಳಿಯವರು ದಿಲ್ಲಿಯಲ್ಲಿ ಕೂತು ನವೆಂಬರಿನ ಅಂಕಿ ಓದುತ್ತಿದ್ದರು. ನೊಗ ಒಂದೇ ಅಂತ ನೋಡುವ ಕೆಲಸ ಮಾತ್ರ ಯಾರದೂ ಆಗಿರಲಿಲ್ಲ. ರಾಜಧಾನಿ ಪ್ರದೇಶಕ್ಕೂ ಸುತ್ತಲಿನ ರಾಜ್ಯಗಳಿಗೂ ಸೇರಿದಂತೆ ಒಂದು ವಾಯು ಗುಣಮಟ್ಟ ಆಯೋಗ ಬಂದದ್ದು 2020ರಲ್ಲಿ, ಸುಗ್ರೀವಾಜ್ಞೆಯ ಮೂಲಕ. ಕಾಯ್ದೆಯಾದದ್ದು 2021ರಲ್ಲಿ. ಅದರ ಕೈಗೂ ನೀರು, ಖರೀದಿ, ವಿದ್ಯುತ್ ದರ ಸಿಕ್ಕಿಲ್ಲ.

ದಿನ ಕೊಡುವ ಪರಿಹಾರ, ದಿನ ತಿನ್ನುವ ಪರಿಹಾರ

ಈ ಪ್ರಕರಣದಲ್ಲಿ ಯಾವ ಪರಿಹಾರವನ್ನಾದರೂ ನಾನು ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ. ಅದು ರೈತನಿಗೆ ದಿನ ಕೊಡುತ್ತದೋ, ಇದ್ದ ದಿನವನ್ನೂ ತಿನ್ನುತ್ತದೋ?

ದಂಡ ಮೊದಲು ಬರಲಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಸುಡುವುದನ್ನು ನಿಷೇಧಿಸಿ ಎರಡು ಎಕರೆಯೊಳಗಿನವರಿಗೆ 2,500, ಐದು ಎಕರೆವರೆಗೆ 5,000, ಅದಕ್ಕೂ ಮೇಲಿನವರಿಗೆ 15,000 ರೂಪಾಯಿ ಅಂತ ನಿಗದಿ ಮಾಡಿತು. 2024ರ ನವೆಂಬರ್‌ನಲ್ಲಿ ಕೇಂದ್ರ ಅದನ್ನು ದುಪ್ಪಟ್ಟು ಮಾಡಿತು. ಯಂತ್ರದ ಬಾಡಿಗೆ, ಡೀಸೆಲ್ ಅಂತ ಎಕರೆಗೆ ಎರಡು-ಮೂರು ಸಾವಿರ ಖರ್ಚಾಗುವಾಗ, ಸಿಕ್ಕಿಬಿದ್ದರೆ ಮಾತ್ರ ಕಟ್ಟುವ ದಂಡ ರೈತನ ಲೆಕ್ಕದಲ್ಲಿ ಅಷ್ಟೇನೂ ಭಾರವಲ್ಲ. ಹತ್ತು ಎಕರೆಯವನಿಗೆ ಹಳೇ ದಂಡವೆಂದರೆ ಎಕರೆಗೆ 1,500. ದಂಡ ಅವನಿಗೆ ಒಂದು ದಿನವನ್ನೂ ಕೊಡುವುದಿಲ್ಲ.

ಹುಲ್ಲು ಕೊಳೆಸುವ ಪೂಸಾ ಡೀಕಂಪೋಸರ್ ಬಗ್ಗೆ 2020ರಿಂದ ಜಾಹೀರಾತು ಜೋರಾಗಿತ್ತು. ಕೆಲಸ ಮಾಡುವುದಿಲ್ಲ ಅಂತಲ್ಲ. ಆದರೆ ಸಿಂಪಡಿಸಿದ ಮೇಲೆ ಹುಲ್ಲು ಕೊಳೆಯಲು ಇಪ್ಪತ್ತು-ಇಪ್ಪತ್ತೈದು ದಿನ ಬೇಕು. ನಡುವೆ ಇರುವುದೇ ಅಷ್ಟು ದಿನ! ಇಲ್ಲದ ವಸ್ತುವನ್ನೇ ಪರಿಹಾರ ಕೇಳುತ್ತಿದೆ.

ಹುಲ್ಲನ್ನು ಕಟ್ಟುಕಟ್ಟಿ ಹೊರಗೆ ಸಾಗಿಸುವುದು ಇನ್ನೊಂದು ದಾರಿ. ಸಂಗ್ರೂರು ಜಿಲ್ಲೆಯ ಲೆಹ್ರಾಗಾಗಾದಲ್ಲಿ 2022ರಲ್ಲಿ ದೊಡ್ಡ ಜೈವಿಕ ಅನಿಲ ಘಟಕ ಶುರುವಾಯಿತು. ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿಗೆ ಹುಲ್ಲಿನ ಉಂಡೆ ಬೆರೆಸಿ ಸುಡಲು ಕೇಂದ್ರ ಆದೇಶ ಕೊಟ್ಟಿದೆ. ಒಳ್ಳೆಯದೇ. ಆದರೆ ಆ ಘಟಕ ವರ್ಷಕ್ಕೆ ನುಂಗುವುದು ಒಂದು ಲಕ್ಷ ಟನ್ ಆಸುಪಾಸು, ಹೊಲದಲ್ಲಿ ಬೀಳುವುದು 200 ಲಕ್ಷ. ಮತ್ತೆ ಹುಲ್ಲು ಬರುವುದು ಮೂರು ವಾರ, ಕಾರ್ಖಾನೆ ಓಡಬೇಕಾದದ್ದು ಹನ್ನೆರಡು ತಿಂಗಳು. ಎಲ್ಲಿ ಪೇರಿಸಿಡುವುದು, ಮಳೆಯಿಂದ, ಬೆಂಕಿಯಿಂದ ಹೇಗೆ ಕಾಯುವುದು? ಹುಲ್ಲನ್ನು ಕಟ್ಟುಕಟ್ಟುವ ಯಂತ್ರ, ಬೇಲರ್, ಬರುವವರೆಗೆ ರೈತ ಕಾಯಬೇಕು. ಅಲ್ಲೂ ದಿನದ್ದೇ ಜಗಳ.

ಹ್ಯಾಪಿ ಸೀಡರ್ ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮೇಲು. ಕೂಳೆ ನಿಂತಿರುವ ಹೊಲಕ್ಕೇ ಇಳಿದು, ಹುಲ್ಲನ್ನು ಕತ್ತರಿಸಿ ಪಕ್ಕಕ್ಕೆ ಹಾಕುತ್ತ ಗೋಧಿ ಬಿತ್ತುತ್ತದೆ. ಹೊಲ ಖಾಲಿ ಮಾಡುವ ಕೆಲಸವೇ ತಪ್ಪುತ್ತದೆ. ಅಂದರೆ ಇದು ದಿನ ಕೊಡುವ ಯಂತ್ರ. ಲುಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯ ಮತ್ತು ಆಸ್ಟ್ರೇಲಿಯಾದ ಸಂಶೋಧಕರು ಸೇರಿ 2000ದ ದಶಕದಲ್ಲಿ ಇದನ್ನು ರೂಪಿಸಿದರು. ಸುಡುವ ಪದ್ಧತಿಗಿಂತ ಇದರಲ್ಲಿ ಲಾಭ ಶೇಕಡಾ 10ರಿಂದ 20 ಜಾಸ್ತಿ ಅಂತ 2019ರಲ್ಲಿ ಸೈನ್ಸ್ ಪತ್ರಿಕೆಯ ಲೇಖನವೊಂದು ತೋರಿಸಿತು. ಹಾಗಾದರೆ ಎಲ್ಲರೂ ಯಾಕೆ ಬಳಸುತ್ತಿಲ್ಲ? ಮುಂಚೆ ಹೇಳಿದ ಆ ಬಿಡಿ ಹುಲ್ಲಿನ ಸಾಲು ಇದಕ್ಕೂ ಕಾಟ ಕೊಡುತ್ತದೆ. ಕೊಯ್ಲು ಯಂತ್ರದ ಹಿಂದೆಯೇ ಹುಲ್ಲನ್ನು ಕತ್ತರಿಸಿ ಹರಡುವ ಇನ್ನೊಂದು ಉಪಕರಣ ಇರಬೇಕು. ಎಳೆಯಲು ದೊಡ್ಡ ಟ್ರ್ಯಾಕ್ಟರ್ ಬೇಕು. ವರ್ಷಕ್ಕೆ ಮೂರು ವಾರ ಓಡಿ ಉಳಿದ ದಿನ ಶೆಡ್ಡಿನಲ್ಲಿ ನಿಲ್ಲುವ ಯಂತ್ರಕ್ಕೆ ಸಣ್ಣ ರೈತ ದುಡ್ಡು ಹಾಕುವುದಿಲ್ಲ. 2018ರಿಂದ ಕೇಂದ್ರ ಒಬ್ಬೊಬ್ಬರಿಗೆ ಶೇಕಡಾ 50, ಸಹಕಾರ ಸಂಘಗಳಿಗೆ ಶೇಕಡಾ 80 ಸಬ್ಸಿಡಿ ಕೊಡುತ್ತಾ ಬಂದಿದೆ. ಆದರೂ ಎಲ್ಲರಿಗೂ ಯಂತ್ರ ಬೇಕಾಗುವುದು ಅದೇ ಹತ್ತು ದಿನದಲ್ಲಿ. ನಾಟಿಯ ತಾರೀಕು ಒಂದೇ ಆದದ್ದರ ಫಲ ಇಲ್ಲೂ ಕಾಣುತ್ತದೆ, ಬಾಡಿಗೆಯ ಸರದಿಯಲ್ಲಿ.

ದುಡ್ಡಿನ ವಿಷಯದಲ್ಲಿ ಒಂದು ಪ್ರಯೋಗ ನನಗೆ ಬಹಳ ಹಿಡಿಸಿತು. 2019ರಲ್ಲಿ ಭಟಿಂಡಾ ಮತ್ತು ಫರೀದ್‌ಕೋಟ್ ಜಿಲ್ಲೆಗಳ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞರು ಎರಡು ಬಗೆಯ ಕೊಡುಗೆ ಕೊಟ್ಟು ನೋಡಿದರು. ಸುಡದಿದ್ದರೆ ಕೊನೆಯಲ್ಲಿ ಪೂರ್ತಿ ಹಣ ಅಂದಾಗ ಏನೂ ಬದಲಾಗಲಿಲ್ಲ. ಒಂದು ಪಾಲು ಮುಂಗಡ ಕೊಟ್ಟು, ಉಳಿದದ್ದು ಆಮೇಲೆ ಅಂದಾಗ ಸುಡದವರು ನೂರಕ್ಕೆ ಸುಮಾರು ಹತ್ತು ಮಂದಿ ಹೆಚ್ಚಾದರು. ಯಂತ್ರದ ಬಾಡಿಗೆ ಕಟ್ಟಬೇಕಾದದ್ದು ಈಗ, ಸರ್ಕಾರದ ಹಣ ಬರುವುದು ಯಾವಾಗಲೋ. ಬರುತ್ತದೋ ಇಲ್ಲವೋ ಅನ್ನುವ ಅನುಮಾನ ಬೇರೆ. ಸಾಲದಲ್ಲಿರುವವನಿಗೆ ಕೈಯಲ್ಲಿರುವ ದುಡ್ಡೇ ದುಡ್ಡು.

ಎಣಿಸುವುದೂ ಆಟದ ಒಳಗೇ

ಪಂಜಾಬಿನ ಬೆಂಕಿಯ ಲೆಕ್ಕ 2023ರಲ್ಲಿ 36,663 ಇತ್ತು. 2024ರಲ್ಲಿ 10,909ಕ್ಕೆ ಇಳಿಯಿತು. ಶೇಕಡಾ 70ರ ಇಳಿಕೆ. ಅದೇ 2024ರ ನವೆಂಬರ್ 18ರಂದು ದಿಲ್ಲಿಯ ವಾಯು ಗುಣಮಟ್ಟ ಸೂಚ್ಯಂಕ 490 ದಾಟಿತ್ತು. ಸೂಚ್ಯಂಕದ ತುದಿಯೇ 500.

ಇದಕ್ಕೆ ಒಂದು ವಿವರಣೆ ನೇರವಾದದ್ದು. ಕೂಳೆಯ ಹೊಗೆ ದಿಲ್ಲಿಯ ಕೆಲವೇ ವಾರಗಳ ಕಥೆ. ಅದರ ಪಾಲು ಕೆಲವು ದಿನ ಮೂರನೇ ಒಂದಕ್ಕಿಂತ ಜಾಸ್ತಿ ಇರುತ್ತದೆ, ಇನ್ನು ಕೆಲವು ದಿನ ಶೇಕಡಾ ಹತ್ತಕ್ಕಿಂತ ಕೆಳಗೆ ಇಳಿಯುತ್ತದೆ. ಉಳಿದದ್ದು ಊರಿನದೇ ಹೊಗೆ. ರೈತನತ್ತ ಬೊಟ್ಟು ಮಾಡಿದರೆ ಅದು ಮರೆಯಾಗುತ್ತದೆ, ಅನುಕೂಲವೂ ಆಗುತ್ತದೆ.

ಎರಡನೆಯದು ಸ್ವಲ್ಪ ಕಸಿವಿಸಿ ಮಾಡುವಂಥದ್ದು. ಬೆಂಕಿ ಎಣಿಸುವ ಮುಖ್ಯ ಉಪಗ್ರಹಗಳು ಧ್ರುವಗಳ ಮೇಲಿಂದ ಸುತ್ತುತ್ತವೆ, ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಆ ಪ್ರದೇಶವನ್ನು ದಾಟುತ್ತವೆ. ದಿನವಿಡೀ ಒಂದೇ ಕಡೆ ಕಣ್ಣಿಡುವ ದಕ್ಷಿಣ ಕೊರಿಯಾದ ಉಪಗ್ರಹದ ಚಿತ್ರಗಳನ್ನು ನೋಡಿದವರಿಗೆ ಬೆಂಕಿ ಸಂಜೆಯತ್ತ ಸರಿದದ್ದು ಕಂಡಿತು. ಬೆಂಕಿಯ ಚುಕ್ಕೆ ಎಣಿಸಿ ಜಿಲ್ಲಾಧಿಕಾರಿಗೂ ರೈತನಿಗೂ ಬಿಸಿ ಮುಟ್ಟಿಸಿದರೆ ಚುಕ್ಕೆ ಕಮ್ಮಿಯಾಗುತ್ತದೆ. ಹೊಗೆ ಅಷ್ಟೇ ಕಮ್ಮಿಯಾಯಿತೇ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಸುಟ್ಟ ಹೊಲದ ಎಕರೆ ಅಳೆಯಬೇಕು. ಸಂಜೆ ಸುಟ್ಟರೆ ಇನ್ನೊಂದು ನಷ್ಟವೂ ಇದೆ. ಆ ಹೊತ್ತಿಗೆ ಗಾಳಿಯ ಪದರ ಕೆಳಗಿಳಿಯತೊಡಗಿರುತ್ತದೆ, ಹೊಗೆ ನೆಲಕ್ಕೇ ಅಂಟಿಕೊಳ್ಳುತ್ತದೆ.

ತಳಿ ಬದಲಾಯಿತು, ದಿನ ಎಲ್ಲಿ ಹೋಯಿತು

ಎಲ್ಲಕ್ಕಿಂತ ಹೆಚ್ಚು ದಿನ ಕೊಟ್ಟದ್ದು ಒಂದು ಬೀಜ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಪಿಆರ್ 126. ಸಸಿಮಡಿ ಸೇರಿ 123 ದಿನ, ನಾಟಿಯಿಂದ 93 ದಿನ. ಪೂಸಾ 44ಕ್ಕಿಂತ ಒಂದು ತಿಂಗಳು ಮುಂಚೆ. ನೀರೂ ಕಮ್ಮಿ, ಹುಲ್ಲೂ ಕಮ್ಮಿ. ಒಂದೇ ಏಟಿಗೆ ನೀರು, ಹೊಗೆ ಎರಡನ್ನೂ ಮುಟ್ಟುವ ಪರಿಹಾರ ಇಡೀ ಪ್ರಕರಣದಲ್ಲಿ ಇದೊಂದೇ. 2023ರ ಅಕ್ಟೋಬರ್‌ನಲ್ಲಿ ಪಂಜಾಬ್ ಸರ್ಕಾರ ಮುಂದಿನ ವರ್ಷದಿಂದ ಪೂಸಾ 44 ಬೇಡ ಅಂತ ಘೋಷಿಸಿತು.

ರೈತನ ತಕರಾರು ಇಳುವರಿಯದು. ಎಕರೆಗೆ ನಾಲ್ಕು ಕ್ವಿಂಟಲ್ ಕಮ್ಮಿ ಬಂತು ಅಂದುಕೊಳ್ಳಿ. 2024ರ ಎ ದರ್ಜೆಯ ಬೆಂಬಲ ಬೆಲೆ 2,320 ರೂಪಾಯಿ. ಎಕರೆಗೆ 9,280 ಹೋಯಿತು. ಅವನಿಗೆ ನೀರು ಉಳಿದರೆ ದುಡ್ಡು ಉಳಿಯುವುದಿಲ್ಲ, ಕರೆಂಟು ಉಚಿತ ಅಲ್ವಾ. ಹೊಗೆ ತಪ್ಪಿದರೆ ಲಾಭ ದಿಲ್ಲಿಯವರಿಗೆ. ಹೀಗೆ ಕಳೆದುಕೊಳ್ಳುವವನು ಒಬ್ಬ, ಪಡೆಯುವವರು ಬೇರೆ.

ಅಕ್ಕಿ ಗಿರಣಿಯವರು 2024ರಲ್ಲಿ ಇನ್ನೊಂದು ದೂರು ತಂದರು. ನೂರು ಕಿಲೋ ಭತ್ತಕ್ಕೆ 67 ಕಿಲೋ ಅಕ್ಕಿ ಕೊಡಬೇಕು ಅನ್ನುವುದು ಸರ್ಕಾರದ ನಿಯಮ. ಪಿಆರ್ 126 ಹೆಸರಿನಲ್ಲಿ ಬರುವ ಭತ್ತದಲ್ಲಿ ಅಷ್ಟು ಬರುತ್ತಿಲ್ಲ, ಅಕ್ಕಿ ಮುರಿಯುತ್ತದೆ ಅಂದರು. ವಿಶ್ವವಿದ್ಯಾಲಯ ತನ್ನ ತಳಿಯನ್ನು ಸಮರ್ಥಿಸಿಕೊಂಡಿತು. ಅದೇ ಹೆಸರಿನಲ್ಲಿ ಹೈಬ್ರಿಡ್‌ಗಳೂ ಸೇರಿಕೊಂಡಿವೆ ಅನ್ನುವ ಮಾತೂ ಬಂತು. ಗಾಳಿಯ ಗುಣಮಟ್ಟದ ಸಭೆಗಳಲ್ಲಿ ಅಕ್ಕಿ ಗಿರಣಿಯ ಈ 67ರ ಅಂಕಿ ಚರ್ಚೆಗೆ ಬರಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಗಿರಣಿಯವನು ಬೇಡವೆಂದ ತಳಿಯನ್ನು ಮಂಡಿಯವನು ಕೊಳ್ಳುವುದಿಲ್ಲ. ಮಂಡಿಯವನು ಕೊಳ್ಳದ್ದನ್ನು ರೈತ ಬೆಳೆಯುವುದಿಲ್ಲ.

ಉಳಿದ ದಿನಗಳು ಎಲ್ಲಿ ಹೋದವು ಅನ್ನುವುದು ಇನ್ನೂ ಸ್ವಾರಸ್ಯ. ಗಿಡ್ಡ ಅವಧಿಯ ಭತ್ತ ಸಿಕ್ಕಿತಲ್ಲ, ಕೆಲವರು ಗೋಧಿಯೋ ಆಲೂಗಡ್ಡೆಯೋ ತೆಗೆದ ಮೇಲೆ ಬೇಸಿಗೆಯಲ್ಲಿ ಮೆಕ್ಕೆಜೋಳ ಹಾಕಿ, ಅದನ್ನು ಕೊಯ್ದು ಜುಲೈನಲ್ಲಿ ಭತ್ತ ನಾಟಿ ಮಾಡತೊಡಗಿದರು. ಬೇಸಿಗೆಯ ಮೆಕ್ಕೆಜೋಳ ಕುಡಿಯುವುದು ಅದೇ ಬೋರ್‌ವೆಲ್ ನೀರನ್ನು, ಅದೇ ಸುಡು ತಿಂಗಳಲ್ಲಿ. ವಿಶ್ವವಿದ್ಯಾಲಯವೇ ಬೇಡ ಅಂತ ಎಚ್ಚರಿಸಬೇಕಾಯಿತು. ಭತ್ತ ಮತ್ತೆ ಅಕ್ಟೋಬರ್ ಕೊನೆಗೇ ಕೊಯ್ಲಿಗೆ ಬಂತು. ಕೊಟ್ಟ ದಿನಗಳನ್ನು ವ್ಯವಸ್ಥೆ ಇನ್ನೊಂದು ಬೆಳೆಗೆ ತಿರುಗಿಸಿಕೊಂಡಿತು. ಉಚಿತ ಕರೆಂಟು ಇರುವವರೆಗೆ ಉಳಿದ ದಿನಕ್ಕೂ ಉಳಿದ ನೀರಿಗೂ ಯಾವುದೋ ಒಂದು ಬೆಳೆ ಗಿರಾಕಿಯಾಗಿ ಬಂದೇ ಬರುತ್ತದೆ. ಕರೆಂಟಿಗೆ ಬೆಲೆ ಹಾಕಿ, ಅಷ್ಟೇ ಹಣವನ್ನು ಎಕರೆ ಲೆಕ್ಕದಲ್ಲಿ ರೈತನ ಖಾತೆಗೆ ಮೊದಲೇ ಹಾಕಿದರೆ ನೀರು ಉಳಿಸಿದವನಿಗೆ ದುಡ್ಡೂ ಉಳಿಯುತ್ತದೆ. ಮೆಕ್ಕೆಜೋಳ, ಬೇಳೆಗಳನ್ನು ಮಳೆಗಾಲದ ಬೆಳೆಯಾಗಿ ಬೆಳೆದಾಗ ಮಂಡಿಯಲ್ಲಿ ನಿಜಕ್ಕೂ ಕೊಳ್ಳಬೇಕು. ಈ ಎರಡನ್ನು ಬಿಟ್ಟು ಯಂತ್ರ, ದಂಡ, ಸಿಂಪಡಣೆ ಅಂತ ಓಡಾಡಿದರೆ ಹೊಗೆಯ ತಾರೀಕು ಬದಲಾದೀತು ಅಷ್ಟೇ.

2018ರ ನಂತರ ಸ್ವಲ್ಪ ಹಿಂದೆ ಬಂದಿದ್ದ ತಾರೀಕು 2025ರಲ್ಲಿ ಮತ್ತೆ ಬದಲಾಯಿತು. ಈ ಸಲ ಇನ್ನೂ ಹಿಂದಕ್ಕೆ. ಪಂಜಾಬ್ ಸರ್ಕಾರ ಜಿಲ್ಲೆಗಳನ್ನು ಮೂರು ವಲಯ ಮಾಡಿ ಜೂನ್ 1ರಿಂದಲೇ ನಾಟಿಗೆ ಬಿಟ್ಟಿತು. ಕೊಟ್ಟ ಕಾರಣ ಹೊಗೆಯಲ್ಲ. ಅಕ್ಟೋಬರ್‌ನಲ್ಲಿ ಮಂಡಿಗೆ ಬರುವ ಭತ್ತದಲ್ಲಿ ತೇವಾಂಶ ಮಿತಿಗಿಂತ ಜಾಸ್ತಿ ಇರುತ್ತದೆ, ಖರೀದಿಗೆ ತೊಂದರೆಯಾಗುತ್ತದೆ ಅನ್ನುವುದು. ಅಂತರ್ಜಲದ ತಜ್ಞರು ಇದನ್ನು ವಿರೋಧಿಸಿದರು. 2009ರಲ್ಲಿ ನೀರಿಗಾಗಿ ತಾರೀಕು ಮುಂದೆ ಹೋಯಿತು, ಗಾಳಿಯನ್ನು ಯಾರೂ ಕೇಳಲಿಲ್ಲ. ಈಗ ಖರೀದಿಗಾಗಿ ಹಿಂದೆ ಬಂತು. ಮುಂಚೆ ನೆಟ್ಟ ಗದ್ದೆಗಳಲ್ಲಿ ಯಾವ ತಳಿ ಹೋಯಿತು, ಕೊಯ್ಲು ಎಷ್ಟು ದಿನ ಮುಂಚೆ ಬಂತು, ಜೂನ್ ತಿಂಗಳ ಕೃಷಿ ಫೀಡರ್‌ಗಳಲ್ಲಿ ಎಷ್ಟು ಯೂನಿಟ್ ಜಾಸ್ತಿ ಓಡಿತು ಅನ್ನುವ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನೀರಿನ ಲೆಕ್ಕವೂ ಹೊಗೆಯ ಲೆಕ್ಕವೂ ಒಟ್ಟಿಗೇ ಸಿಗುತ್ತದೆ. ಆ ಮೂರು ಅಂಕಿ ಈಗ ಮೂರು ಇಲಾಖೆಗಳ ಬಳಿ ಬೇರೆ ಬೇರೆ ಇವೆ.